ಮೆಣಸಿನ ಕಾಳಿನಷ್ಟು ಬುಟ್ಟಿ: ಕ್ಯಾಲಿಫೋರ್ನಿಯಾದ ಮೂಲನಿವಾಸಿ ಪೋಮೋ ಜನರ ಕೈಕೆಲಸದ ಬಗ್ಗೆ ತಿಳಿದವರು ಹೇಳುವಿರಾ?

ಪ್ರಶ್ನೆ (ಡೊಂಬಿವಲಿಯಿಂದ)

ನಮ್ಮ ದೊಡ್ಡಮ್ಮ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಯುಕೈಯಾ ಎಂಬ ಊರಿನಲ್ಲಿ, ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ನರ್ಸ್ ಆಗಿದ್ದರು. ಆಮೇಲೆ ಹಿಂದಿರುಗಿ ಮಾಟುಂಗಾದ ಎರಡು ಕೋಣೆಯ ಮನೆಯಲ್ಲಿ ಕೊನೆಯವರೆಗೂ ಒಬ್ಬರೇ ಇದ್ದರು. ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಒಡವೆಯ ಡಬ್ಬಿಯೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಎರಡು ಬುಟ್ಟಿಗಳು ಸಿಕ್ಕವು. ದೊಡ್ಡದು ಸುಲಿದ ಅಡಿಕೆಯಷ್ಟಿದೆ. ಚಿಕ್ಕದು ಮೆಣಸಿನ ಕಾಳಿಗಿಂತ ತುಸು ದಪ್ಪ. ನಾನು ಮೊದಲು ಅದನ್ನು ಯಾವುದೋ ಬೀಜವೆಂದೇ ತಿಳಿದಿದ್ದೆ. ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಹಿಡಿದಾಗ ಅದಕ್ಕೆ ಬಾಯಿಯಿದೆ, ಬಾಯಿಗೆ ಅಂಚಿದೆ, ಮೈಗೆಲ್ಲ ಸುತ್ತು ಸುತ್ತಾಗಿ ಬಿಗಿದ ಎಳೆಗಳಿವೆ ಎಂದು ಕಂಡಿತು. ಜೊತೆಗಿದ್ದ ಚೀಟಿಯಲ್ಲಿ ದೊಡ್ಡಮ್ಮನ ಅಕ್ಷರದಲ್ಲಿ ಇಷ್ಟೇ ಇದೆ: "ಪೋಮೋ ಅಜ್ಜಿ ಕೊಟ್ಟದ್ದು. ಮೊಮ್ಮಗು ಹುಟ್ಟಿದ ವಾರ. ಹಣ ತೆಗೆದುಕೊಳ್ಳಲಿಲ್ಲ."

ಹಳೆಯ ಸಾಮಾನುಗಳ ವ್ಯಾಪಾರಿಯೊಬ್ಬರಿಗೆ ತೋರಿಸಿದೆ. ಅವರು ಇವು ಪ್ರವಾಸಿಗರಿಗಾಗಿ ಮಾಡಿದ ರೆಡ್ ಇಂಡಿಯನ್ ಆಟಿಕೆಗಳೆಂದೂ, ದೊಡ್ಡದರಲ್ಲಿ ಕಪ್ಪು ಪಟ್ಟಿಯು ಒಂದು ಕಡೆ ತುಂಡಾಗಿರುವುದರಿಂದ ಅದು ದೋಷವುಳ್ಳದ್ದೆಂದೂ ಹೇಳಿ ಒಂದು ಬೆಲೆ ನುಡಿದರು. ಮಾರುವ ಅವಸರ ನನಗೇನೂ ಇಲ್ಲ. ನಮ್ಮ ಕನ್ನಡ ಸಂಘದವರು ಸದಸ್ಯರ ಮನೆಗಳಲ್ಲಿರುವ ಹಳೆಯ ವಸ್ತುಗಳ ಸಣ್ಣ ಪ್ರದರ್ಶನವೊಂದನ್ನು ಇಡಲಿದ್ದಾರೆ. ಅಲ್ಲಿ ಇವನ್ನು ಇಡುವುದಾದರೆ ಪಕ್ಕದ ಚೀಟಿಯಲ್ಲಿ ಕನ್ನಡದಲ್ಲಿ ಏನೆಂದು ಬರೆಯಬೇಕು ಎಂಬುದು ನನ್ನ ಮುಖ್ಯ ಪ್ರಶ್ನೆ. ಏನನ್ನೂ ತುಂಬಲಾಗದ ಬುಟ್ಟಿಯನ್ನು ಯಾರು, ಯಾಕೆ ಮಾಡುತ್ತಾರೆ? ಆ ತುಂಡಾದ ಪಟ್ಟಿ ನಿಜವಾಗಿ ದೋಷವೇ? ಮಳೆಗಾಲದಲ್ಲಿ ಇವನ್ನು ಹೇಗೆ ಕಾಪಾಡುವುದು?


ಉತ್ತರ 1 (ಪುಣೆ, ಕೊಥ್ರೂಡ್)

ನಾನು ಧಾರವಾಡದ ಕಡೆಯವಳು, ಮೂವತ್ತು ವರ್ಷಗಳಿಂದ ಕಸೂತಿ ಹಾಕುತ್ತಿದ್ದೇನೆ. ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಯುಕೈಯಾದ ಗ್ರೇಸ್ ಹಡ್ಸನ್ ಸಂಗ್ರಹಾಲಯದಲ್ಲಿ ಪೋಮೋ ಬುಟ್ಟಿಗಳನ್ನು ಕಂಡು ಅರ್ಧ ದಿನ ಅಲ್ಲೇ ನಿಂತಿದ್ದೆ. ಆದುದರಿಂದ ಕೈಕೆಲಸದ ಮಾತನ್ನು ಮಾತ್ರ ಹೇಳುತ್ತೇನೆ; ಚರಿತ್ರೆಯನ್ನು ಬಲ್ಲವರು ಬೇರೆಯವರು ಬರೆಯಲಿ.

ಚೀಟಿಯಲ್ಲಿ "ಹೆಣೆದ ಬುಟ್ಟಿ" ಎಂದು ಬರೆಯಬೇಡಿ. ನಮ್ಮ ಮೇದಾರರು ಬಿದಿರನ್ನು ಸೀಳಿ, ದಬ್ಬೆಗಳನ್ನು ಅಡ್ಡ ಉದ್ದ ಒಂದರ ಮೇಲೊಂದು ಹಾಯಿಸಿ ಮೊರ, ಬುಟ್ಟಿ, ಹೆಡಿಗೆಗಳನ್ನು ಮಾಡುತ್ತಾರಲ್ಲ, ಅದಕ್ಕೆ ಹೆಣೆಯುವುದು ಎಂಬ ಮಾತು ಸರಿ. ಪೋಮೋ ಜನರಲ್ಲಿಯೂ ಹೆಣಿಗೆಯ ಬುಟ್ಟಿಗಳಿವೆ. ನೆಟ್ಟಗೆ ನಿಲ್ಲಿಸಿದ ಕಡ್ಡಿಗಳ ಸುತ್ತ ಎರಡೆರಡು ಎಳೆಗಳನ್ನು ಒಂದಕ್ಕೊಂದು ಹೊಸೆದು ಸುತ್ತುವ ವಿಧಾನವದು. ಹೊರೆ ಹೊರುವ ಬುಟ್ಟಿ, ಮೀನು ಹಿಡಿಯುವ ಕೂಳಿ, ಮಗುವಿನ ತೊಟ್ಟಿಲು, ಇಂಥ ಗಟ್ಟಿ ಕೆಲಸಗಳು ಹಾಗೆ ಆಗುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನದನ್ನು ಗಂಡಸರು ಮಾಡುತ್ತಿದ್ದರು. ನಿಮ್ಮಲ್ಲಿರುವುದು ಆ ಜಾತಿಯದಲ್ಲ. ಸುತ್ತು ಸುತ್ತಾಗಿ ಬಿಗಿದಿದೆ ಎಂದು ನೀವೇ ಹೇಳಿದ್ದೀರಿ. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿಯನ್ನು ನೆನಪಿಸಿಕೊಳ್ಳಿ: ಅಂಥ ಒಂದು ಸಿಂಬಿಯು ಮುಗಿಯದೆ ಸುರುಳಿಯಾಗಿ ಮೇಲೇರುತ್ತ ಹೋದರೆ, ಮತ್ತು ಪ್ರತಿಯೊಂದು ಸುತ್ತನ್ನೂ ಅದರ ಕೆಳಗಿನ ಸುತ್ತಿಗೆ ಹೊಲಿದರೆ ಹೇಗಿರುತ್ತದೋ ಹಾಗೆ. ಒಳಗಿನ ಆಧಾರಕ್ಕೆ ವಿಲ್ಲೋ ಗಿಡದ ಎಳೆಯ ಕಡ್ಡಿ, ಒಂದು ಅಥವಾ ಮೂರು; ಅದರ ಮೇಲೆ ಸುತ್ತಿ ಹೊಲಿಯುವ ಎಳೆ ಸೆಜ್ ಎಂಬ, ನಮ್ಮ ಜೇಕಿನ ಬಳಗದ ಗಿಡದ ಬೇರು. ಸೂಜಿಯಿಲ್ಲ. ಮೂಳೆಯದೋ ಲೋಹದ್ದೋ ಒಂದು ದಬ್ಬಳದಿಂದ ಕೆಳಸುತ್ತಿನಲ್ಲಿ ಸಂದು ಮಾಡಿ, ಚೂಪುಗೊಳಿಸಿದ ಬೇರಿನ ತುದಿಯನ್ನು ಅದರೊಳಗೆ ತೂರಿಸಿ, ಎಳೆದು ಬಿಗಿಯುತ್ತಾರೆ. ಒಂದು ಹೊಲಿಗೆ ಆಯಿತು. ಒಳ್ಳೆಯ ಪೋಮೋ ಬುಟ್ಟಿಯಲ್ಲಿ ಅಂಗುಲ ಒಂದಕ್ಕೆ ಇಂಥ ಹತ್ತಾರು ಹೊಲಿಗೆಗಳು ಬರುತ್ತವೆ, ಒಂದೂ ಓರೆಯಾಗದೆ.

ಹಾಗಾಗಿ ಚೀಟಿಯಲ್ಲಿ "ಸಿಂಬಿ ಹೊಲಿಗೆಯ ಬುಟ್ಟಿ" ಎಂದು ಬರೆದರೆ ಯಾವ ಕನ್ನಡಿಗನಿಗೂ ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ ಎಂದು ನನ್ನ ಅಭಿಪ್ರಾಯ.

ಏನನ್ನೂ ತುಂಬಲಾಗದ ಬುಟ್ಟಿ ಯಾಕೆ ಎಂದು ಕೇಳಿದ್ದೀರಿ. ಕೈಕೆಲಸ ಮಾಡುವವಳಾಗಿ ನನಗೆ ಈ ಪ್ರಶ್ನೆಯೇ ತುಸು ವಿಚಿತ್ರವಾಗಿ ಕೇಳುತ್ತದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಗಂಟಿಲ್ಲದೆ, ಹೋದ ದಾರಿಯಲ್ಲೇ ದಾರ ಹಿಂದಿರುಗಿ, ಬಟ್ಟೆಯ ಎರಡು ಮಗ್ಗುಲೂ ಒಂದೇ ಆಗಿ ಕಾಣಬೇಕು. ಸೆರಗಿನ ಒಳಮಗ್ಗುಲನ್ನು ಯಾರು ನೋಡುತ್ತಾರೆ? ಇನ್ನೊಬ್ಬ ಕಸೂತಿಯವಳು ನೋಡುತ್ತಾಳೆ. ಪುಟ್ಟ ಬುಟ್ಟಿಯಲ್ಲಿಯೂ ಅದೇ ಪರೀಕ್ಷೆ ನಡೆಯುತ್ತದೆ. ಬುಟ್ಟಿ ಚಿಕ್ಕದಾದರೆ ಕೆಲಸದ ಯಾವ ಹಂತವೂ ತಪ್ಪುವುದಿಲ್ಲ. ಬೇರನ್ನು ಅಗೆಯಬೇಕು, ಸೀಳಬೇಕು, ಒಣಗಿಸಬೇಕು, ಹೆರೆದು ಹೆರೆದು ಕೂದಲಿನಷ್ಟು ತೆಳ್ಳಗೆ ಮಾಡಬೇಕು, ಕಡ್ಡಿಯನ್ನೂ ಹಾಗೆಯೇ. ಹೀಗೆ ತೆಳ್ಳಗಾದ ಎಳೆ ಬಿಗಿಯುವಾಗ ಪಟಕ್ಕನೆ ತುಂಡಾದರೆ ಮತ್ತೆ ಮೊದಲಿನಿಂದ. ಎಲ್ಲಕ್ಕಿಂತ ಕಷ್ಟ ಆರಂಭದ್ದು: ದೊಡ್ಡ ಬುಟ್ಟಿಯ ತಳದಲ್ಲಿ ಮೊದಲ ಎರಡು ಸುತ್ತು ಸ್ವಲ್ಪ ಒರಟಾದರೆ ನಡೆಯುತ್ತದೆ, ಮೆಣಸಿನ ಕಾಳಿನ ಬುಟ್ಟಿಯಲ್ಲಿ ಆ ಎರಡು ಸುತ್ತೇ ಅರ್ಧ ಬುಟ್ಟಿ.


ಉತ್ತರ 2 (ಮುಂಬೈ, ಮುಲುಂಡ್)

ಹಿಂದಿನ ಉತ್ತರದವರು ಬೇರೆಯವರಿಗೆ ಬಿಟ್ಟ ಚರಿತ್ರೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಆದರೆ ಮೊದಲು "ರೆಡ್ ಇಂಡಿಯನ್" ಎಂಬುದನ್ನು ಚೀಟಿಯಿಂದ ದೂರವಿಡಿ. ಅದು ಬೇರೆಯವರು ಅಂಟಿಸಿದ ಹೆಸರು, ಮತ್ತು ಇಂದು ಅವಮಾನಕರವೆಂದು ಎಣಿಸಲಾಗುವುದು. ಪೋಮೋ ಎಂಬುದೂ ಒಂದೇ ಕುಲದ ಹೆಸರಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ, ಇಂದಿನ ಸೊನೋಮಾ, ಮೆಂಡೊಸಿನೋ, ಲೇಕ್ ಕೌಂಟಿಗಳಲ್ಲಿ, ಸಮುದ್ರ ತೀರದಿಂದ ರಷ್ಯನ್ ನದಿಯ ಕಣಿವೆಯವರೆಗೂ ಅಲ್ಲಿಂದ ಕ್ಲಿಯರ್ ಲೇಕ್ ಎಂಬ ಸರೋವರದವರೆಗೂ ಹರಡಿದ್ದ ಅನೇಕ ಸ್ವತಂತ್ರ ಹಳ್ಳಿ ಸಮುದಾಯಗಳಿಗೆ ಸೇರಿ ಆ ಹೆಸರು. ಅವರು ಆಡುತ್ತಿದ್ದದ್ದು ಏಳು ಭಾಷೆಗಳು. ಒಂದೇ ಭಾಷೆಯ ಉಪಭಾಷೆಗಳಲ್ಲ. ಕನ್ನಡ, ತುಳು, ಕೊಡವ ಇದ್ದಂತೆ ಒಂದೇ ಬಳಗದ ಬೇರೆ ಬೇರೆ ಭಾಷೆಗಳು.

ಈ ಜನಕ್ಕೆ ಬುಟ್ಟಿಯೇ ಪಾತ್ರೆ, ಬುಟ್ಟಿಯೇ ಕಣಜ, ಬುಟ್ಟಿಯೇ ಒಲೆಯ ಮೇಲಿನ ಮಡಕೆ. ಒಲೆಯ ಮೇಲಿನ ಎಂದು ಬಾಯಿಮಾತಿಗೆ ಹೇಳಿದೆ, ವಾಸ್ತವದಲ್ಲಿ ಬೆಂಕಿಯ ಮೇಲೆ ಇಡುತ್ತಿರಲಿಲ್ಲ. ಅವರ ಮುಖ್ಯ ಆಹಾರವಾದ ಓಕ್ ಮರದ ಕಾಯಿಯಲ್ಲಿ ಒಗರು ಬಹಳ. ಅದನ್ನು ಕುಟ್ಟಿ ಹಿಟ್ಟು ಮಾಡಿ, ನೀರು ಹಾಯಿಸಿ ಹಾಯಿಸಿ ಒಗರು ಕಳೆದು, ನೀರು ಸೋರದಷ್ಟು ಬಿಗಿಯಾದ ಬುಟ್ಟಿಯಲ್ಲಿ ಕಲಸಿ, ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನು ಅದರೊಳಗೆ ಹಾಕಿ ಅಂಬಲಿ ಬೇಯಿಸುತ್ತಿದ್ದರು. ಇದನ್ನು ಓದಿದಾಗ ನನಗೆ ಬುಟ್ಟಿ ಎಂಬ ಪದವೇ ಸಣ್ಣದಾಯಿತು ಅನ್ನಿಸಿತು. ಹುಟ್ಟಿದ ಮಗುವನ್ನು ಮಲಗಿಸುವುದು ಬುಟ್ಟಿಯಲ್ಲಿ. ಮದುವೆಗೆ ಉಡುಗೊರೆ ಬುಟ್ಟಿ. ಸತ್ತವರ ಜೊತೆಗೆ ಮೊದಲು ಸುಡುತ್ತಿದ್ದದ್ದೂ, ಆಮೇಲೆ ಹೂಳತೊಡಗಿದ್ದೂ ಬುಟ್ಟಿಗಳನ್ನೇ. ಹಳೆಯ ಪೋಮೋ ಬುಟ್ಟಿಗಳು ಅಪರೂಪವಾಗಿರಲು ಈ ಕೊನೆಯ ಪದ್ಧತಿಯೂ ಒಂದು ಕಾರಣ. ವಿಚಿತ್ರವೆಂದರೆ ಅತ್ಯಂತ ಹಳೆಯ ಕೆಲವು ಬುಟ್ಟಿಗಳು ಇಂದು ಇರುವುದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1812ರಿಂದ 1841ರವರೆಗೆ ರಷ್ಯನ್ನರು ಕಷಾಯಾ ಪೋಮೋ ಜನರ ತೀರದಲ್ಲಿ ಫೋರ್ಟ್ ರಾಸ್ ಎಂಬ ಕೋಟೆ ಕಟ್ಟಿಕೊಂಡಿದ್ದಾಗ ಹೋದವು ಅವು. ಕಷಾಯಾ ಭಾಷೆಯಲ್ಲಿ ರಷ್ಯನ್ ಮಾತುಗಳು ಈಗಲೂ ಉಳಿದಿವೆ.

ಇನ್ನು ವ್ಯಾಪಾರಿಯು ಹೇಳಿದ "ಪ್ರವಾಸಿಗರ ಆಟಿಕೆ" ಎಂಬ ಮಾತು. ಅದು ಪೂರ್ತಿ ಸುಳ್ಳಲ್ಲ, ಆದ್ದರಿಂದಲೇ ಹೆಚ್ಚು ದಾರಿತಪ್ಪಿಸುತ್ತದೆ. ಚಿನ್ನದ ಬೇಟೆ ಶುರುವಾದ ಮೇಲೆ ಈ ಜನರ ಭೂಮಿ ಹೋಯಿತು. 1850ರ ಮೇ ತಿಂಗಳಲ್ಲಿ ಅಮೆರಿಕದ ಸೇನೆಯು ಕ್ಲಿಯರ್ ಲೇಕ್‌ನ ದ್ವೀಪವೊಂದರಲ್ಲಿ ಪೋಮೋ ಹೆಂಗಸರು ಮಕ್ಕಳೆನ್ನದೆ ಕೊಂದಿತು. ಆ ಜಾಗಕ್ಕೆ ಬ್ಲಡಿ ಐಲ್ಯಾಂಡ್ ಎಂದೇ ಹೆಸರು ಬಿದ್ದಿದೆ. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯವು ಮೂಲನಿವಾಸಿಗಳನ್ನು, ಅವರ ಮಕ್ಕಳನ್ನೂ ಸೇರಿಸಿ, ಬಲವಂತದ ದುಡಿಮೆಗೆ ಹಚ್ಚಲು ಅನುಕೂಲವಾಗುವ ಕಾಯ್ದೆಯನ್ನು ಮಾಡಿತು. ಹೆಸರಿನಲ್ಲಿ ಮಾತ್ರ ಅದು ಅವರ ರಕ್ಷಣೆಯ ಕಾಯ್ದೆ. ಉಳಿದವರು ತಮ್ಮದೇ ನೆಲದಲ್ಲಿ ಹಾಪ್ (ಬಿಯರ್‌ಗೆ ಹಾಕುವ ಹೂವು) ಹೊಲಗಳ ಕೂಲಿಗಳಾದರು. 1880ರ ಸುಮಾರಿಗೆ ಕೆಲವು ಗುಂಪುಗಳು ಕೂಲಿಯ ಹಣವನ್ನು ಒಟ್ಟುಗೂಡಿಸಿ ಯುಕೈಯಾ ಸುತ್ತಮುತ್ತ ತಮ್ಮ ಹಳೆಯ ನೆಲದ ತುಂಡುಗಳನ್ನು ಕ್ರಯಕ್ಕೆ ಕೊಂಡವು. ತಮ್ಮ ಮನೆಯನ್ನು ತಾವೇ ದುಡ್ಡು ಕೊಟ್ಟು ಕೊಳ್ಳುವುದು.

ಅದೇ ಕಾಲದಲ್ಲಿ ಅಮೆರಿಕದ ಸಿರಿವಂತರಿಗೆ ಬುಟ್ಟಿ ಸಂಗ್ರಹಿಸುವ ಹುಚ್ಚು ಹಿಡಿಯಿತು. ಅದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ನಡೆಯಿತು. ಪುಟ್ಟ ಬುಟ್ಟಿಗಳು ಅದಕ್ಕೆ ಮೊದಲೂ ಇದ್ದವು: ಉಡುಗೊರೆಗೆ, ಅಲಂಕಾರಕ್ಕೆ, ಮಕ್ಕಳ ಕೈಗೆ. ಆದರೆ ಎಷ್ಟು ಚಿಕ್ಕದು ಸಾಧ್ಯ ಎಂಬ ಪೈಪೋಟಿಯನ್ನು ಗುಂಡುಸೂಜಿಯ ತಲೆಯ ತನಕ ಇಳಿಸಿದ್ದರಲ್ಲಿ ಕೊಳ್ಳುವವರ ಪಾಲು ದೊಡ್ಡದು. ಆದರೂ ಪೇಟೆಗಾಗಿ ಮಾಡಿದ್ದೆಂದರೆ ಕಸುಬು ಕಡಿಮೆಯಾಯಿತು ಎಂದೇನೂ ಅಲ್ಲ. ವಿಲಿಯಂ ಬೆನ್ಸನ್ ಮತ್ತು ಮೇರಿ ಬೆನ್ಸನ್ ಎಂಬ ಪೋಮೋ ದಂಪತಿ ಬುಟ್ಟಿಯಿಂದಲೇ ಜೀವನ ಮಾಡಿದರು, 1904ರ ಸೇಂಟ್ ಲೂಯಿಸ್ ವಿಶ್ವ ಪ್ರದರ್ಶನದಲ್ಲಿ ಜನರೆದುರು ಕುಳಿತು ಕೆಲಸ ತೋರಿಸಿದರು. ಹೆಂಗಸರದ್ದೆಂದು ಎಣಿಸಿದ್ದ ನಯವಾದ ಹೊಲಿಗೆಯನ್ನು ಗಂಡಸಾದ ವಿಲಿಯಂ ಕಲಿತದ್ದೂ ಒಂದು ವಿಶೇಷ. ಬ್ಲಡಿ ಐಲ್ಯಾಂಡ್ ಘಟನೆಯನ್ನು ಪೋಮೋ ಜನರ ಬಾಯಿಂದ ಕೇಳಿ ಬರೆದಿಟ್ಟವರೂ ಅವರೇ; ಅದು 1932ರಲ್ಲಿ ಅಚ್ಚಾಯಿತು.

ನಿಮ್ಮ ದೊಡ್ಡಮ್ಮನ ಚೀಟಿಯಲ್ಲಿ "ಹಣ ತೆಗೆದುಕೊಳ್ಳಲಿಲ್ಲ" ಎಂದಿದೆ. ಹಾಗಾದರೆ ಈ ಎರಡು ಬುಟ್ಟಿಗಳು ಪೇಟೆಯ ದಾರಿಯಲ್ಲಿ ಬಂದವೇ ಅಲ್ಲ. ಮಗು ಹುಟ್ಟಿದಾಗ ಬುಟ್ಟಿ ಕೊಡುವ ಹಳೆಯ ರೂಢಿಯ ದಾರಿಯಲ್ಲಿ ಬಂದವು. ಚೀಟಿಯಲ್ಲಿ ಇದೇ ಮೊದಲ ಸಾಲಾಗಬೇಕು.


ಉತ್ತರ 3 (ಗೋವಾ, ವಾಸ್ಕೋ)

ತುಂಡಾದ ಪಟ್ಟಿಯ ಬಗ್ಗೆ ಯಾರೂ ಹೇಳಲಿಲ್ಲ. ಬುಟ್ಟಿಯ ಸುತ್ತ ಪೂರ್ತಿಯಾಗಿ ಹಾಯುವ ಪಟ್ಟಿಯಲ್ಲಿ ಪೋಮೋ ಹೆಂಗಸರು ಬೇಕೆಂದೇ ಒಂದು ಕಡೆ ಬಿಡುವು ಕೊಡುತ್ತಾರೆ, ಅಥವಾ ವಿನ್ಯಾಸವನ್ನು ಅಲ್ಲಿ ಸ್ವಲ್ಪ ಬದಲಿಸುತ್ತಾರೆ. ಅದಕ್ಕೆ ದೌ ಎಂದು ಹೆಸರು. 1908ರಲ್ಲಿ ಸ್ಯಾಮ್ಯುಯೆಲ್ ಬ್ಯಾರೆಟ್ ಎಂಬ ಮಾನವಶಾಸ್ತ್ರಜ್ಞರು ಪೋಮೋ ಬುಟ್ಟಿಗಳ ಬಗ್ಗೆ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಈ ವಿಚಾರ ಬರುತ್ತದೆ. ಬಿಡುವಿಲ್ಲದೆ ಪಟ್ಟಿಯನ್ನು ಮುಚ್ಚಿದವಳ ಕಣ್ಣು ಹೋಗುತ್ತದೆ ಎಂಬ ನಂಬಿಕೆಯಿತ್ತು. ಅದು ಒಳಗಿನ ಚೈತನ್ಯ ಬಂದು ಹೋಗುವ ಬಾಗಿಲು ಎಂಬ ವಿವರಣೆಯೂ ಇದೆ. ನಮ್ಮಲ್ಲಿ ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟಿನ ಹಾಗೆ ಎಂದುಕೊಳ್ಳಬಹುದು.

ಬಣ್ಣದ ಮಾತು: ಕಪ್ಪು ಪಟ್ಟಿಯಾದರೆ ಅದು ಜೊಂಡಿನ ಜಾತಿಯ ಬುಲ್‌ರಷ್ ಗಿಡದ ಬೇರು, ಕೃತಕವಾಗಿ ಕಪ್ಪು ಮಾಡಿದ್ದು. ಕಂದುಗೆಂಪಾಗಿದ್ದರೆ ಅದು ರೆಡ್‌ಬಡ್ ಗಿಡದ ತೊಗಟೆಸಹಿತ ಸೀಳು, ಅದರ ಸ್ವಂತ ಬಣ್ಣ. ಹಗಲು ಬೆಳಕಿನಲ್ಲಿ ಇನ್ನೊಮ್ಮೆ ನೋಡಿ.

ನಿಮ್ಮ ಬುಟ್ಟಿಗಳಲ್ಲಿ ಗರಿಯಾಗಲಿ ಮಣಿಯಾಗಲಿ ಇಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಪೋಮೋ ಉಡುಗೊರೆ ಬುಟ್ಟಿಗಳಲ್ಲಿ ಶ್ರೇಷ್ಠವಾದವು ಗರಿಯ ಬುಟ್ಟಿಗಳು. ಓಕ್ ಕಾಯಿ ತಿನ್ನುವ ಮರಕುಟಿಗದ ತಲೆಯ ಕೆಂಪು ಗರಿ, ಮೆಡೋಲಾರ್ಕ್ ಹಕ್ಕಿಯ ಹಳದಿ, ಗಂಡು ಮಲ್ಲಾರ್ಡ್ ಬಾತುಕೋಳಿಯ ಕತ್ತಿನ ಹಸಿರು, ಕ್ವೇಲ್ ಹಕ್ಕಿಯ ಕಪ್ಪು ಜುಟ್ಟು, ಇವನ್ನು ಒಂದೊಂದು ಹೊಲಿಗೆಯ ಸಂದಿಗೂ ಸಿಕ್ಕಿಸುತ್ತ ಹೋದರೆ ಹೊರಮೈ ಮಖಮಲ್ಲಿನಂತಾಗುತ್ತದೆ, ಒಳಮೈಯಲ್ಲಿ ಹೊಲಿಗೆ ಮಾತ್ರ ಕಾಣುತ್ತದೆ. ಅಂಚಿಗೆ ಬೊಡೇಗಾ ಕೊಲ್ಲಿಯ ಕ್ಲ್ಯಾಮ್ ಚಿಪ್ಪಿನ ಮಣಿಗಳು. ಇಲ್ಲಿ ಗೋವೆಯಲ್ಲಿ ತಿಸ್ರ್ಯೊ ತಿಂದು ಚಿಪ್ಪನ್ನು ಬಿಸಾಡುವ ನಮಗೆ ಇದು ತಮಾಷೆಯಾಗಿ ಕಾಣಬಹುದು, ಆದರೆ ಆ ಚಿಪ್ಪನ್ನು ಒಡೆದು, ತೂತು ಕೊರೆದು, ಮರಳುಗಲ್ಲಿನ ಮೇಲೆ ತಿಕ್ಕಿ ದುಂಡಗೆ ಮಾಡಿದ ಬಿಲ್ಲೆಗಳೇ ಆ ಪ್ರದೇಶಕ್ಕೆಲ್ಲ ನಾಣ್ಯವಾಗಿದ್ದವು, ನಮ್ಮ ಕವಡೆಯ ಹಾಗೆ. ಸುಟ್ಟರೆ ನಸುಗೆಂಪಾಗುವ ಮ್ಯಾಗ್ನೆಸೈಟ್ ಎಂಬ ಕಲ್ಲಿನ ಮಣಿಗೆ ಇನ್ನೂ ಹೆಚ್ಚಿನ ಬೆಲೆ. ಹಾಗಾಗಿ ಉಡುಗೊರೆ ಬುಟ್ಟಿಯನ್ನು ಕೊಡುವುದೆಂದರೆ ಹಣವನ್ನೇ ಸೇರಿಸಿ ಹೊಲಿದು ಕೊಟ್ಟಂತೆ. ಗರಿಯಿರುವ ಬುಟ್ಟಿಯನ್ನು ಇಂದು ಮಾರುವುದಕ್ಕೆ ಕಾನೂನಿನ ತೊಡಕೂ ಇದೆ. ಈ ಹಕ್ಕಿಗಳಲ್ಲಿ ಹಲವಕ್ಕೆ ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆಯಿದೆ.


ಉತ್ತರ 1ರ ಲೇಖಕಿ, ಮತ್ತೊಮ್ಮೆ (ಪುಣೆ)

ದೃಷ್ಟಿಬೊಟ್ಟಿನ ಹೋಲಿಕೆಯನ್ನು ನಾನು ಒಪ್ಪಲಾರೆ. ದೃಷ್ಟಿಬೊಟ್ಟು ಹೊರಗಿನ ಕೆಟ್ಟ ಕಣ್ಣಿಗಾಗಿ ಇಡುವ ಸುಳ್ಳು ಕಲೆ. ಚೆಂದವನ್ನು ಕೆಡಿಸಿದಂತೆ ನಟಿಸುವುದು. ದೌ ಹಾಗಲ್ಲ. ಅಲ್ಲಿ ಕೆಡಿಸುವ ಮಾತೇ ಇಲ್ಲ, ಮುಚ್ಚದೆ ಬಿಡುವ ಮಾತು. ಭಯವೂ ನೋಡುವವನ ಕಣ್ಣಿನದಲ್ಲ, ಮಾಡುವವಳ ಕಣ್ಣಿನದು. ನಮ್ಮ ರೂಢಿಗಳಲ್ಲಿ ಅದಕ್ಕೆ ಸರಿಯಾದ ಜೋಡಿ ನನಗೆ ಹೊಳೆಯಲಿಲ್ಲ. ಜೋಡಿ ಸಿಗದಿದ್ದರೆ ಅದನ್ನು ದೌ ಎಂದೇ ಕರೆಯೋಣ.

ಇನ್ನೊಂದು ಎಚ್ಚರಿಕೆ. ಪಟ್ಟಿ ತುಂಡಾಗಿದೆ ಎಂದ ಮಾತ್ರಕ್ಕೆ ಅದು ದೌ ಎಂದು ತೀರ್ಮಾನಿಸಬಾರದು, ಎಳೆ ಸವೆದು ಉದುರಿದ್ದರೂ ತುಂಡಾಗಿ ಕಾಣುತ್ತದೆ. ಒಳ್ಳೆಯ ಮಸೂರ ಹಿಡಿದು ನೋಡಿ. ಎಳೆ ಉದುರಿದ್ದರೆ ಒಳಗಿನ ವಿಲ್ಲೋ ಕಡ್ಡಿ ಬರಿಮೈಯಾಗಿ ಕಾಣಬೇಕು. ಅಲ್ಲಿ ಕಪ್ಪಿನ ಬದಲು ಬಿಳಿ ಎಳೆಯ ಹೊಲಿಗೆ ಕ್ರಮವಾಗಿ ಮುಂದುವರಿದಿದ್ದರೆ ಅದು ಹೊಲಿದವಳು ಮನಸಾರೆ ಬಿಟ್ಟ ಬಿಡುವು.


ಉತ್ತರ 4 (ಮುಂಬೈ, ಭಾಂಡುಪ್)

ನನ್ನ ಊರು ಕಾರ್ಕಳದ ಹತ್ತಿರ. ಚಿಕ್ಕಂದಿನಲ್ಲಿ ಕೊರಗರು ಕಾಡುಬಳ್ಳಿಯಿಂದ ಮಾಡಿಕೊಡುತ್ತಿದ್ದ ಬುಟ್ಟಿಗಳಲ್ಲೇ ನಮ್ಮ ಮನೆಯ ಗೊಬ್ಬರವೂ ಭತ್ತವೂ ಸಾಗುತ್ತಿದ್ದವು. ಆ ಬಳ್ಳಿಗಾಗಿ ಅವರು ಎಷ್ಟು ದೂರ ನಡೆಯುತ್ತಿದ್ದರು ಎಂದು ಆಗ ನಾವು ಯಾರೂ ಕೇಳಲಿಲ್ಲ. ಹಾಗಾಗಿ ನನಗೆ ಈ ಚರ್ಚೆಯಲ್ಲಿ ಬುಟ್ಟಿಗಿಂತ ಹೆಚ್ಚಾಗಿ ಬೇರಿನ ಬಗ್ಗೆ ಹೇಳಬೇಕೆನ್ನಿಸಿತು.

ಸೆಜ್ ಬೇರು ಎಲ್ಲೆಂದರಲ್ಲಿ ಅಗೆದರೆ ಸಿಗುವುದಿಲ್ಲ. ಗಟ್ಟಿ ನೆಲದಲ್ಲಿ ಬೇರು ಗಂಟುಗಂಟಾಗಿ ತಿರುಚಿಕೊಳ್ಳುತ್ತದೆ. ಹೊಲಿಗೆಗೆ ಬೇಕಾದದ್ದು ನೇರವಾದ, ಉದ್ದವಾದ ಬೇರು. ಅದಕ್ಕಾಗಿ ಪೋಮೋ ಹೆಂಗಸರು ನದಿಯ ಮರಳುದಂಡೆಯ ಸೆಜ್ ಪಾತಿಗಳನ್ನು ತಲೆಮಾರುಗಳಿಂದ ಸಾಕುತ್ತ ಬಂದಿದ್ದರು: ಕಳೆ ಕೀಳುವುದು, ಕಲ್ಲು ಆಯುವುದು, ಮಣ್ಣು ಸಡಿಲಿಸುವುದು, ಕೆಲವನ್ನಷ್ಟೇ ತೆಗೆದು ಮಿಕ್ಕದ್ದನ್ನು ಮುಂದಿನ ವರ್ಷಕ್ಕೆ ಬಿಡುವುದು. ಅಗೆಯುವ ಕೆಲಸವೇ ಬೇಸಾಯವಾಗಿತ್ತು. ರೆಡ್‌ಬಡ್ ಗಿಡವನ್ನೂ ಹಾಗೆಯೇ, ಬುಡಕ್ಕೆ ಸವರಿದರೆ ಮಾತ್ರ ಮರುವರ್ಷ ನೆಟ್ಟನೆಯ ಚಿಗುರು ಬರುತ್ತದೆ. ನೋಡುವವರಿಗೆ ಅದು ಬರಿಯ ನದೀದಂಡೆ. ಸೊನೋಮಾದಲ್ಲಿ ಡ್ರೈ ಕ್ರೀಕ್ ಎಂಬ ಹೊಳೆಗೆ ವಾರ್ಮ್ ಸ್ಪ್ರಿಂಗ್ಸ್ ಅಣೆಕಟ್ಟು ಕಟ್ಟಲು ಹೊರಟಾಗ ಇಂಥ ಪಾತಿಗಳು ಮುಳುಗುವ ಹಾಗಾಯಿತು. ಎಲ್ಸಿ ಆ್ಯಲನ್, ಲಾರಾ ಸೊಮರ್ಸಲ್ ಮೊದಲಾದ ಹಿರಿಯ ಹೊಲಿಗೆಗಾತಿಯರ ತಿಳಿವಳಿಕೆಯನ್ನು ಆಧರಿಸಿ, ಸೆಜ್ ಗಿಡಗಳನ್ನು ಕಿತ್ತು ಬೇರೆ ಕಡೆ ನೆಡಲಾಯಿತು. ಅಣೆಕಟ್ಟು 1980ರ ದಶಕದ ಆರಂಭದಲ್ಲಿ ಮುಗಿಯಿತು. ಗಿಡವನ್ನು ಸಾಗಿಸಬಹುದು, ಎಷ್ಟೋ ಅಜ್ಜಿಯರು ಸಡಿಲಿಸಿದ ಮರಳನ್ನು ಹೇಗೆ ಸಾಗಿಸುವುದು ಎಂಬುದು ನನಗೆ ಅರ್ಥವಾಗಿಲ್ಲ.

ಈ ಎಲ್ಸಿ ಆ್ಯಲನ್ ಅವರ ಬಗ್ಗೆ ನಿಮಗೆ ಹೇಳಲೇಬೇಕು, ಯಾಕೆಂದರೆ ನಿಮ್ಮ ದೊಡ್ಡಮ್ಮ ಅಲ್ಲಿದ್ದ ವರ್ಷಗಳಲ್ಲೇ ಅವರು ಅದೇ ಸೀಮೆಯಲ್ಲಿ ಕಲಿಸುತ್ತಿದ್ದರು. 1899ರಲ್ಲಿ ಹುಟ್ಟಿದ ಅವರನ್ನು ಹುಡುಗಿಯಾಗಿದ್ದಾಗ ಕೊವೆಲೋ ಎಂಬಲ್ಲಿಯ ವಸತಿ ಶಾಲೆಗೆ ಒಯ್ದರು. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಗೆ ಅವಕಾಶವಿರಲಿಲ್ಲ, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬುಟ್ಟಿಯನ್ನು ಕಲಿತದ್ದು ಅಜ್ಜಿ ಮತ್ತು ತಾಯಿಯಿಂದ. ಆದರೆ ಯೌವನದಲ್ಲಿ ಮಾಡಿದ ಒಳ್ಳೆಯ ಬುಟ್ಟಿಗಳು ಪದ್ಧತಿಯಂತೆ ತೀರಿಕೊಂಡ ಹಿರಿಯರ ಜೊತೆ ಮಣ್ಣು ಸೇರಿದವು. ತಾಯಿ ಆ್ಯನಿ ಬರ್ಕ್ 1962ರಲ್ಲಿ ತೀರಿಕೊಳ್ಳುವ ಮೊದಲು ಒಂದು ಮಾತು ಪಡೆದುಕೊಂಡಿದ್ದರು: ನನ್ನ ಬುಟ್ಟಿಗಳನ್ನು ನನ್ನೊಡನೆ ಹೂಳಬಾರದು, ಅವನ್ನು ಇಟ್ಟುಕೊಂಡು ಜನರಿಗೆ ತೋರಿಸಬೇಕು, ಕಲಿಸಬೇಕು. ಅರವತ್ತು ದಾಟಿದ ಮಗಳು ಆಗ ಪೂರ್ತಿಯಾಗಿ ಈ ಕೆಲಸಕ್ಕೆ ಇಳಿದರು. ಪದ್ಧತಿ ಮುರಿದರೆಂದು ಸಿಟ್ಟಾದವರು ಸ್ವಂತ ಬಳಗದಲ್ಲೇ ಇದ್ದರು. 1972ರಲ್ಲಿ ಅವರು ಪೋಮೋ ಬುಟ್ಟಿಯನ್ನು ಮಾಡುವ ಬಗೆಯನ್ನೇ ಪುಸ್ತಕವಾಗಿ ಬರೆದರು, 1990ರಲ್ಲಿ ತೀರಿಕೊಂಡರು. ಸಾಂಟಾ ರೋಸಾ ಊರಿನ ಪ್ರೌಢಶಾಲೆಯೊಂದಕ್ಕೆ ಈಗ ಅವರದೇ ಹೆಸರಿದೆ. ಶಾಲೆಯಲ್ಲಿ ಬಾಯಿ ಕಟ್ಟಿಸಿಕೊಂಡವರ ಹೆಸರು ಶಾಲೆಗೆ.

ಪುಟ್ಟ ಬುಟ್ಟಿಗಳಿಗೆ ಹೆಸರಾದ ಮೇಬಲ್ ಮೆಕ್‌ಕೇ ಎಂಬವರೂ ಇದೇ ಕಾಲದವರು. 1907ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡರು. ಅವರು ಕನಸಿನ ಅಪ್ಪಣೆಯಂತೆ ರೋಗ ಗುಣಪಡಿಸುತ್ತಿದ್ದ ವೈದ್ಯೆಯೂ ಹೌದು, ಅವರಿಗೆ ಬುಟ್ಟಿಯೂ ಅಂಥ ಅಪ್ಪಣೆಯಿಂದಲೇ ಆಗುತ್ತಿತ್ತು. ಗಿಡವನ್ನು ಮಾತನಾಡಿಸದೆ ಕೀಳುವುದಿಲ್ಲ, ಮುಟ್ಟಾದ ದಿನಗಳಲ್ಲಿ ಕೆಲಸ ಮುಟ್ಟುವುದಿಲ್ಲ ಎಂಬಂಥ ಕಟ್ಟುಪಾಡುಗಳು ಆ ಹೆಂಗಸರ ಕೆಲಸದ ಭಾಗವೇ ಆಗಿದ್ದವು. ಎರಡನೆಯದನ್ನು ಒಪ್ಪುವುದು ಬಿಡುವುದು ನಮಗೆ ಬಿಟ್ಟದ್ದು, ಆದರೆ ಬುಟ್ಟಿಯನ್ನು ಬರಿಯ ಕುಶಲ ಕೆಲಸವೆಂದು ಅವರು ನೋಡಲಿಲ್ಲ ಎಂಬುದನ್ನು ಬರೆಯದೆ ಬಿಡಬಾರದು.

ಕೊನೆಯದಾಗಿ, ಬೇರನ್ನು ಸೀಳುವಾಗ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ರಸ್ತೆಯಂಚಿಗೂ ಕಾಡಿಗೂ ಕಳೆನಾಶಕ ಸಿಂಪಡಿಸಲು ತೊಡಗಿದ ಮೇಲೆ ಇದು ಜೀವಕ್ಕೆ ಅಪಾಯವಾಯಿತು. 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿ ಬುಟ್ಟಿಗಾರರು ಸಂಘ ಕಟ್ಟಿಕೊಂಡಾಗ ಅವರ ದೊಡ್ಡ ದೂರುಗಳಲ್ಲಿ ಇದೂ ಒಂದು.


ಉತ್ತರ 5 (ಮುಂಬೈ, ವಿಲೇ ಪಾರ್ಲೆ)

ಕಾಪಾಡುವ ವಿಚಾರ ಮಾತ್ರ ಬರೆಯುತ್ತೇನೆ. ಮುಂಬೈಯ ಮಳೆಗಾಲದಲ್ಲಿ ಬೇರು ಕಡ್ಡಿಗಳ ವಸ್ತುವಿಗೆ ಮೊದಲ ಶತ್ರು ಬೂಷ್ಟು, ಎರಡನೆಯದು ಬೆಳ್ಳಿಹುಳು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಆಮ್ಲವಿಲ್ಲದ ಕಾಗದದ ಮೇಲೆ ಇಟ್ಟು, ಪಕ್ಕದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಇಡಿ. ಪೊಟ್ಟಣವು ಬುಟ್ಟಿಗೆ ತಾಗಬಾರದು, ಮತ್ತು ಪೂರ್ತಿ ಒಣಗಿಸುವ ಹುಮ್ಮಸ್ಸೂ ಬೇಡ, ಅತಿಯಾಗಿ ಒಣಗಿದ ಎಳೆ ಬಿರಿಯುತ್ತದೆ. ಹತ್ತಿಯನ್ನು ತೆಗೆಯಿರಿ, ಅದು ತೇವ ಹೀರುತ್ತದೆ, ನಾರು ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ. ನುಸಿಗುಳಿಗೆ ಬೇಡ. ಬಿಸಿಲಿಗೆ ಇಡುವ ನಮ್ಮ ಅಭ್ಯಾಸವೂ ಬೇಡ, ರೆಡ್‌ಬಡ್ಡಿನ ಬಣ್ಣ ಹಾರುತ್ತದೆ. ಬೂಷ್ಟು ಕಂಡರೆ ಒರೆಸಲು ಹೋಗದೆ ಫೋರ್ಟ್‌ನಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಸಂರಕ್ಷಣಾ ವಿಭಾಗದವರನ್ನು ವಿಚಾರಿಸಿ. ಪ್ರದರ್ಶನದಲ್ಲಿ ಬುಟ್ಟಿಯ ಪಕ್ಕದಲ್ಲಿ ಒಂದು ನಿಜವಾದ ಮೆಣಸಿನ ಕಾಳು ಇಟ್ಟು ಮೇಲೊಂದು ಮಸೂರ ಇಡಿ. ಜನರು ಕಾಳನ್ನೇ ಬುಟ್ಟಿಯೆಂದು ನೋಡಿಕೊಂಡು ಹೋಗದಂತೆ ಯಾರಾದರೂ ಅಲ್ಲೇ ನಿಂತಿರಬೇಕಾದೀತು.


ಪ್ರಶ್ನೆ ಕೇಳಿದವರು (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಅಕ್ಕಸಾಲಿಗರು ತಮ್ಮ ಕಣ್ಣುಮಸೂರವನ್ನು ಕೊಟ್ಟು, ಬೆಳಗಿನ ಬೆಳಕಿನಲ್ಲಿ ಅಂಗಡಿಯ ಬಾಗಿಲಲ್ಲೇ ಕೂರಿಸಿದರು. ಪಟ್ಟಿ ಕಪ್ಪೇ, ಕಂದಲ್ಲ. ತುಂಡಾದ ಜಾಗದಲ್ಲಿ ಕಡ್ಡಿ ಬರಿಮೈಯಾಗಿಲ್ಲ. ಐದು ಬಿಳಿ ಹೊಲಿಗೆಗಳು ಒಂದೇ ಅಳತೆಯಲ್ಲಿ ಸಾಗಿ, ಆರನೆಯದರಿಂದ ಮತ್ತೆ ಕಪ್ಪು ಶುರುವಾಗುತ್ತದೆ. ಅಕ್ಕಸಾಲಿಗರು ಮೆಣಸಿನ ಕಾಳಿನಷ್ಟಿರುವುದನ್ನು ಬಹಳ ಹೊತ್ತು ನೋಡಿ, ಇದಕ್ಕೆ ಬೆಸುಗೆ ಎಲ್ಲಿದೆ ಎಂದು ನನ್ನನ್ನೇ ಕೇಳಿದರು.

ಚೀಟಿಗೆ ಹೀಗೆ ಬರೆದಿದ್ದೇನೆ, ತಿದ್ದಿರಿ:

"ಮಗು ಹುಟ್ಟಿದ ವಾರ, ಆ ಮಗುವಿನ ಅಜ್ಜಿ ನರ್ಸ್ ಒಬ್ಬರಿಗೆ ಕೊಟ್ಟ ಉಡುಗೊರೆ. ಪೋಮೋ ಜನರ ಸಿಂಬಿ ಹೊಲಿಗೆಯ ಎರಡು ಬುಟ್ಟಿಗಳು. ಯುಕೈಯಾ, ಕ್ಯಾಲಿಫೋರ್ನಿಯಾ, 1970ರ ದಶಕ. ವಿಲ್ಲೋ ಕಡ್ಡಿ, ಸೆಜ್ ಬೇರು, ಕಪ್ಪು ಮಾಡಿದ ಬುಲ್‌ರಷ್ ಬೇರು. ದೊಡ್ಡ ಬುಟ್ಟಿಯ ಕಪ್ಪು ಪಟ್ಟಿಯಲ್ಲಿರುವ ಬಿಡುವಿಗೆ ದೌ ಎಂದು ಹೆಸರು. ಮಾರಾಟಕ್ಕಿಲ್ಲ."


ಉತ್ತರ 1ರ ಲೇಖಕಿ (ಪುಣೆ)

ಒಂದೇ ತಿದ್ದುಪಡಿ. ಯಾರು ಕೊಟ್ಟರು ಎಂದು ಬರೆದಿದ್ದೀರಿ, ಯಾರು ಹೊಲಿದರು ಎಂದು ಬರೆದಿಲ್ಲ. ಕೊಟ್ಟ ಅಜ್ಜಿಯೇ ಹೊಲಿದರೆಂದು ಚೀಟಿಯಲ್ಲಿ ಎಲ್ಲಿಯೂ ಇಲ್ಲವಲ್ಲ. "ಹೊಲಿದವರ ಹೆಸರು ಬರೆದಿಟ್ಟಿಲ್ಲ" ಎಂಬ ಸಾಲನ್ನು "ಮಾರಾಟಕ್ಕಿಲ್ಲ" ಎಂಬುದರ ಮೇಲೆ ಸೇರಿಸಿ.